ಮೇಸ್ತ್ರಿ ಮಾವನ ಕೊನೆಯ ವಾಯಿದೆ

ಕೇಸು ಹಾಕಿದವನೇ ಅದು ನಡೆಯದಂತೆ ಟೊಂಕ ಕಟ್ಟಿ ನಿಂತದ್ದನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ಸರಸಂಬಾ ಊರಿನ ನನ್ನ ಸೋದರಮಾವನನ್ನು ನೋಡಬೇಕು!

ಮಾವ ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ಮೇಸ್ತ್ರಿ. ಒಮ್ಮೆ ಗಿರಾಕಿಗಳ ಎದುರಿಗೇ, "ಈ ಸಲದ ಬ್ಯಾಳಿ ಕುದಿಯಂಗಿಲ್ರಿ, ಮುಂದಿನ ವಾರ ಬರ್ರಿ" ಎಂದುಬಿಟ್ಟ. ಮಾಲೀಕ ಸೇಠ ಸಿಟ್ಟಿಗೆದ್ದು, "ನಾಳಿಂದ ಮಿಲ್ಲಿಗೆ ಕಾಲಿಡಬ್ಯಾಡ" ಎಂದ. ಮಾವನೂ ಅಷ್ಟೇ ಸಿಟ್ಟಿನಿಂದ, ನೌಕರಿ ವಾಪಸು ಬೇಕೆಂದು ದಾವೆ ಹೂಡಿದ. ಸಿಟ್ಟು ಇಳಿಯುವ ಹೊತ್ತಿಗೆ ಕೇಸಿಗೆ ನಂಬರು ಬಿದ್ದಾಗಿತ್ತು.

ಸಾಕ್ಷಿ ಹೇಳುವ ತಾರೀಖು ಬಂತು ನೋಡಿ, ಮಾವನ ವರಸೆ ಶುರು! ಮೊದಲು ಹಲ್ಲುನೋವು. ಆಮೇಲೆ ಎಮ್ಮೆ ಈಯುವುದಿತ್ತು. ಇನ್ನೊಮ್ಮೆ ಎಳ್ಳಮಾವಾಸ್ಯೆಯ ಮರುದಿನ ಕೋರ್ಟಿನಲ್ಲಿ ಕೈಮುಗಿದ.

"ಸಾಹೇಬ್ರ, ಹೊಲದಾಗ ಭೂಮ್ತಾಯಿಗೆ ಎಡಿ ಹಿಡಿದು ಚರಗಾ ಚೆಲ್ಲಿ, ಭಜ್ಜಿ-ಕಡಬು ಉಂಡ ಮನಷ್ಯಾ ಮರುದಿನ ಸಾಕ್ಷಿ ಹೇಳಾಕ ಬರಂಗಿಲ್ರಿ. ನಿದ್ದಿ ಬರ್ತೈತ್ರಿ."

ನ್ಯಾಯಾಧೀಶರು ನಗು ತಡೆದುಕೊಂಡು ವಾಯಿದೆ ಕೊಟ್ಟು ತಾರೀಖು ಮುಂದೂಡಿದರು. ಆ ಹಬ್ಬದ ಊಟಕ್ಕೆ ಕಂಡವರನ್ನೆಲ್ಲ ಹೊಲಕ್ಕೆ ಕರೆಯುವುದು ನಮ್ಮ ಕಡೆಯ ರೂಢಿ. ಮಾವ ಎರಡೂ ಕಡೆಯ ವಕೀಲರನ್ನು ಕರೆದಿದ್ದ, ಸಾಲದೆಂದು ಪ್ರತಿವಾದಿ ಸೇಠನನ್ನೂ ಕರೆದಿದ್ದ! ಸೇಠ ಬಂದು, ಮಾವನಿಗೆ ಬೆನ್ನು ಮಾಡಿ ಕೂತು, ಕಾಳು-ಸೊಪ್ಪಿನ ಭಜ್ಜಿಪಲ್ಯ ಮತ್ತೆ ಮತ್ತೆ ನೀಡಿಸಿಕೊಂಡು, ಕೈ ತೊಳೆದು ಎದ್ದು ಹೋಗಿದ್ದ. ಮರುದಿನ ಕೋರ್ಟಿನಲ್ಲಿ ಅವನೂ ಆಕಳಿಸುತ್ತಿದ್ದ.

ಮಾವನ ವಕೀಲರಿಗೆ ತಲೆ ಕೆಟ್ಟಿತು.

"ಏನ್ರೀ ಮೇಸ್ತ್ರಿ, ನೌಕ್ರಿ ಬೇಕೋ ಬ್ಯಾಡೋ?"

"ಬೇಕ್ರಿ. ಮಿಲ್ಲಿಲ್ದ ನನಗ ಹೊತ್ತೇ ಹೋಗವಲ್ದು. ಆದ್ರ ಕಟಕಟ್ಯಾಗ ನಿಂತು ಸೇಠ ಕೆಟ್ಟವ ಅಂತ ಹೆಂಗ ಹೇಳ್ಲಿ? ನನ್ನ ಮಗಳ ಲಗ್ನದಾಗ ನೀರು ಹೊತ್ತಾನ್ರಿ ಆತ!"

ಕಡೆಗೆ ನ್ಯಾಯಾಧೀಶರೂ ಬೇಸತ್ತು, ಇದೇ ಕೊನೆಯ ವಾಯಿದೆ, ಬರದಿದ್ದರೆ ದಾವೆ ವಜಾ ಎಂದರು. ಅಂದರೆ ನೌಕರಿಯ ಆಸೆ ಬಿಟ್ಟಂತೆಯೇ. ಆ ದಿನ ಬೆಳಿಗ್ಗೆ ಮಾವನಿಗೆ ನಿಜವಾಗಿಯೂ ಎದೆನೋವು ಬರಬೇಕೆ! "ಸಾಕು ಏಳ್ರಿ, ಇದು ಕೋರ್ಟಲ್ಲ" ಎಂದಳು ಅತ್ತೆ. ಅವನು ಬೆವರುವುದನ್ನು ಕಂಡು ಗಾಬರಿಯಾಗಿ ಕಲಬುರಗಿಯ ದವಾಖಾನೆಗೆ ಒಯ್ದಳು.

ಸುದ್ದಿ ತಿಳಿಸಲು ನಾನು ಆಳಂದದ ಕೋರ್ಟಿಗೆ ಓಡಿದೆ. ಮಾವನಿಗೆ ಎದೆನೋವು ಎಂದು ವಕೀಲರು ಹೇಳಿದ್ದೇ ತಡ, ಕೂತವರೆಲ್ಲ ಗೊಳ್ಳೆಂದು ನಕ್ಕರು. ಸೇಠನೊಬ್ಬ ಮಾತ್ರ ನಗಲಿಲ್ಲ. ನನ್ನ ಮುಖ ನೋಡಿದವನೇ ತನ್ನ ವಕೀಲರನ್ನು ಸರಿಸಿ ಮುಂದೆ ಬಂದ.

"ಸಾಹೇಬ್ರ, ಆತಗ ವಾಯಿದೆ ಕೊಡ್ರಿ."

"ನೀವು ಪ್ರತಿವಾದಿ. ದಾವೆ ವಜಾ ಆದರೆ ಗೆಲ್ಲುವವರು ನೀವೇ ಅಲ್ಲವೇ?"

"ಗೆದ್ದು ಏನ್ ಮಾಡ್ಲಿ ಸಾಹೇಬ್ರ? ಆತ ಮಿಲ್ ಬಿಟ್ಟು ಹೋದಮ್ಯಾಲ ನನಗ ಬೈಯವ್ರು ಯಾರೂ ಇಲ್ರಿ."

ವಾಯಿದೆ ಸಿಕ್ಕಿತು. ಸೇಠ ನನ್ನ ಬೈಕಿನ ಹಿಂದೆ ಕೂತ. ದಾರಿಯಲ್ಲಿ ಮಿಲ್ಲಿನ ಮುಂದೆ ಇಳಿದು ಆಳುಗಳನ್ನು ಮನೆಗೆ ಕಳಿಸಿ ಬಂದ.

ದವಾಖಾನೆಯಲ್ಲಿ ಮಾವ ಕಣ್ಣು ತೆರೆದು ಅವನನ್ನು ಕಂಡವನೇ ಕೇಳಿದ:

"ನೀವಿಲ್ಲಿ ಕುಂತ್ರ ಮಿಲ್ ಯಾರು ನೋಡಾಕತ್ಯಾರ್ರಿ?"

ಸೇಠ ಕಣ್ಣೊರೆಸಿಕೊಂಡು ಜೇಬಿನಿಂದ ಕೀಲಿಕೈ ತೆಗೆದು ಮಾವನ ಅಂಗೈಯಲ್ಲಿಟ್ಟ.

"ಬಂದ್ ಮಾಡಿ ಬಂದೇನಿ. ಆರಾಮಾಗಿ ಬಂದು ನೀನೇ ತೆರಿ."