ಏಳನೇ ಮನೆಯಲ್ಲಿ ದೇವರಾಜ

"ಕುಮಟೆ ಮುಟ್ಟುವವರೆಗೆ ಮಕ್ಕಳ ಕೈಗೆ ಮೊಬೈಲ್ ಇಲ್ಲ! ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಮುಗೀತು. ನಾವೆಲ್ಲ ಹಾಂಗೇ ಬೆಳೆದವರಲ್ದಾ?"

ಭಾನುವಾರ ಬೆಳಿಗ್ಗೆ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ದೇವರಾಜ ಹೀಗೆ ಘೋಷಿಸಿದಾಗ ಅವನ ಹೆಂಡತಿ ಜಯಂತಿ ಆಕಳಿಸಿದಳು. ಅವಳು ಒಂದನೇ ತರಗತಿಯ ಟೀಚರು. ವಾರದ ಆರು ದಿನ ಮೂವತ್ತೆಂಟು ಮಕ್ಕಳನ್ನು ಸುಮ್ಮನಿರಿಸಿ, ಉಳಿದ ಒಂದು ದಿನ ಮನೆಯ ಎರಡನ್ನು ಸುಮ್ಮನಿರಿಸಿ, ಅವಳ ಗಂಟಲೂ ಮೊಣಕಾಲೂ ಒಟ್ಟಿಗೇ ಸೋತಿದ್ದವು.

"ಹೌದಾ? ಹಾಂಗಾರೆ ಇವತ್ತು ಎರಡೂ ನಿಮ್ಮವು," ಎಂದಳು.

"ನಾ ನೋಡ್ಕಂತೆ. ನೀ ಎಂತಕ್ಕೂ ಹೆದರಬೇಡ."

"ನಂಗೆ ಹೆದರಿಕೆ ಇಲ್ಲ. ನಿದ್ದೆ ಅದೆ," ಎಂದು ಜಯಂತಿ ಬಸ್ಸು ಹತ್ತಿ, ಕಿಟಕಿಯ ಬದಿ ಕೂತು, ಭುಜದ ಚೀಲವನ್ನು ಗಂಡನ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿದಳು. ಬಸ್ಸು ಹೊರಡುವ ಮೊದಲೇ ಅವಳು ಹೊರಟುಹೋಗಿದ್ದಳು.

ಆ ಚೀಲದಲ್ಲಿ ಆ ದಿನದ ಪ್ರಯಾಣದ ಕಾರಣವಿತ್ತು. ಜಯಂತಿಯ ತಮ್ಮ ರಾಜೀವನ ಜಾತಕ. ರಾಜೀವ ಮೀನು ಬೋಟಿನ ಡ್ರೈವರು. ಮೂವತ್ತನಾಲ್ಕು ದಾಟಿದರೂ ಮದುವೆ ಕೂಡಿ ಬಂದಿರಲಿಲ್ಲ. ಹುಡುಗ ಸಮುದ್ರದ ಮೇಲಿರುತ್ತಾನೆ ಎಂದು ಕೆಲವರು ಹಿಂದೆ ಸರಿದರೆ, ಜಾತಕದ ಏಳನೇ ಮನೆಯಲ್ಲಿ ಶನಿ ಕೂತಿದ್ದಾನೆ ಎಂದು ಆರು ಮನೆಯವರು ಕಾಗದವನ್ನೇ ಹಿಂದಕ್ಕೆ ಕಳಿಸಿದ್ದರು. ಈಗ ಕುಮಟೆಯಿಂದ ಒಂದು ಸಂಬಂಧ ಬಂದಿತ್ತು. ರಾಜೀವ ಕಡಲಿನಲ್ಲಿದ್ದ. ಹಾಗಾಗಿ ಅವನ ತಾಯಿ ತಿಮ್ಮಿ, ಮಗ ಹುಟ್ಟಿದಾಗ ಬರೆಸಿದ್ದ ಆ ಒಂದೇ ಒಂದು ಹಳದಿ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, "ಜೋಪಾನ ಅಳಿಯಾ, ಇದು ಅವನ ಜೀವ," ಎಂದು ದೇವರಾಜನ ಕೈಗೇ ಕೊಟ್ಟಿದ್ದಳು.

ಸರ್ಕಾರಿ ಕಚೇರಿಯ ಗುಮಾಸ್ತನಾದ ದೇವರಾಜನಿಗೆ ಕಾಗದ ಕಾಪಾಡುವುದೇ ಉದ್ಯೋಗ. ಹದಿನಾಲ್ಕು ವರ್ಷದಲ್ಲಿ ಒಂದು ಫೈಲೂ ಕಳೆದವನಲ್ಲ. ಒಂದನ್ನೂ ಹುಡುಕಿ ಕೊಟ್ಟವನೂ ಅಲ್ಲ, ಆ ಮಾತು ಬೇರೆ.

ಬಸ್ಸು ಹೊರಟಿತು. ಒಂಬತ್ತು ವರ್ಷದ ದೀಪಿಕಾ ಪಕ್ಕದಲ್ಲಿ, ಆರು ವರ್ಷದ ಅನೂಪ ತೊಡೆಯ ಮೇಲೆ, ಅವನ ತೊಡೆಯ ಮೇಲೆ ನೋಟ್‌ಬುಕ್ಕು. ಮೊದಲನೆಯದು ಚುಕ್ಕಿ ಆಟ. ಸಾಲಾಗಿ ಚುಕ್ಕಿ ಇಟ್ಟು, ಸರದಿಯಂತೆ ಒಂದೊಂದು ಗೆರೆ ಎಳೆದು, ಯಾರು ನಾಲ್ಕನೇ ಗೆರೆ ಎಳೆದು ಮನೆ ಮುಚ್ಚುತ್ತಾರೋ ಆ ಮನೆಯೊಳಗೆ ಅವರ ಹೆಸರಿನ ಮೊದಲ ಅಕ್ಷರ. ಶಿರಾಲಿ ಬರುವಷ್ಟರಲ್ಲಿ ದೀಪಿಕಾ ಹನ್ನೊಂದು ಮನೆಗಳ ಒಡತಿ. ಅನೂಪನಿಗೆ ಸೂರಿಲ್ಲ!

"ಅಪ್ಪಾ, ನಂಗೆ ಒಂದೂ ಮನೆ ಇಲ್ಲ!" ಎಂದು ಅನೂಪ ಎತ್ತಿದ ಸ್ವರಕ್ಕೆ ಕಂಡಕ್ಟರು ಬಸ್ಸಿನಲ್ಲಿ ಯಾರಿಗೋ ಏನೋ ಆಯಿತೆಂದು ಸೀಟಿ ಊದಿಬಿಟ್ಟ. ದೇವರಾಜ ಗಡಬಡಿಸಿ ಮಗನ ಪರವಾಗಿ ಕದ್ದು ಒಂದು ಗೆರೆ ಎಳೆದ. "ಮೋಸ! ಅಪ್ಪ ಮೋಸ!" ಎಂದು ದೀಪಿಕಾ ಪೆನ್ಸಿಲ್ ಕಿತ್ತಳು. ಅನೂಪ ಅತ್ತ ಎಳೆದ. ಮೊನೆ ಮುರಿಯಿತು.

ರಬ್ಬರ್ ತಂದಿದ್ದ, ಸ್ಕೇಲು ತಂದಿದ್ದ, ಮೆಂಡರ್ ತಂದಿರಲಿಲ್ಲ! ಪಕ್ಕದ ಸಾಲಿನಲ್ಲಿ ಕೂತಿದ್ದ ಸುಬ್ಬ ಎಂಬ ತೆಂಗಿನಕಾಯಿ ಕೊಯ್ಯುವವ ಕರುಣೆಯಿಂದ, "ಕೊಡಿ ಇಲ್ಲಿ," ಎಂದು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಕತ್ತಿಯನ್ನೇ ತೆಗೆದ. ಎರಡೇ ಏಟು. ಗೇಣುದ್ದ ಹೋಗಿದ್ದ ಪೆನ್ಸಿಲ್ಲು ಬೆರಳಿನ ಗೆಣ್ಣಿನಷ್ಟಾಗಿ ವಾಪಸ್ ಬಂತು.

"ಮೊನೆ ಮಾತ್ರ ಚೂಪಿದೆ ನೋಡಿ!" ಎಂದ ಸುಬ್ಬ ಹೆಮ್ಮೆಯಿಂದ.

ಎರಡನೆಯದು ಹೆಸರು, ಊರು, ಪ್ರಾಣಿ, ವಸ್ತು. ಅಕ್ಷರ 'ಬ'. ದೀಪಿಕಾ ಸರಸರನೆ ಬರೆದಳು: ಬಸವಿ, ಬೈಲೂರು, ಬೆಕ್ಕು, ಬಕೀಟು. ಅನೂಪ ತಲೆ ಕೆರೆದು ಕೆರೆದು ಬರೆದ: ಬಾಬು, ಬಸ್‌ಸ್ಟ್ಯಾಂಡು, ಬಂಗಡೆ, ಬನ್ನು.

"ಬಂಗಡೆ ಪ್ರಾಣಿ ಅಲ್ಲ!" ಎಂದಳು ದೀಪಿಕಾ.

"ಯಾಕಲ್ಲ? ಜೀವ ಅದೆ ಅಲ್ದಾ?"

"ನೀ ನೋಡಿದಾಗ ಎಂದಾದ್ರೂ ಇತ್ತಾ ಜೀವ?"

ದೇವರಾಜ ನ್ಯಾಯಾಧೀಶನಂತೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತೀರ್ಪು ಅವನ ಕೈತಪ್ಪಿತು. "ಹುಡುಗ ಹೇಳಿದ್ದು ಸಮ, ಬಂಗಡೆ ಪ್ರಾಣಿಯೇ," ಎಂದ ಸುಬ್ಬ. "ಎಂತಾ ಪ್ರಾಣಿ ಮಾರಾಯಾ? ಅದು ಊಟ!" ಎಂದರು ಹಿಂದಿನ ಸೀಟಿನವರು. ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಎದ್ದೇ ನಿಂತಳು. "ಬಂಗಡೆ ಎಂದ್ರೆ ಬಂಗಡೆ! ಅದನ್ನ ಬೆಕ್ಕಿನ ಸಾಲಿಗೆ ಸೇರಿಸ್ತ್ರಾ? ಮೀನಿಗೆ ಬೇರೆ ಖಾನೆ ಹಾಕಿ ಮಾಸ್ತರ್ರೇ!"

ಮೀನಿಗೆ ಐದನೇ ಖಾನೆ ಬಂತು. ಅದು ಬಂದದ್ದೇ ತಡ, ಅರ್ಧ ಬಸ್ಸು ಆಟಕ್ಕಿಳಿಯಿತು! 'ತ' ಎಂದರೆ ತಾರ್ಲೆ ಎಂದು ಒಬ್ಬ, ತೊರಕೆ ಎಂದು ಇನ್ನೊಬ್ಬ. ಎಲ್ಲರಿಗೂ ಹಾಳೆ ಬೇಕು. ದೇವರಾಜ ನೋಟ್‌ಬುಕ್ಕಿನ ಹಾಳೆಗಳನ್ನು ಸಂತರ್ಪಣೆಯಲ್ಲಿ ಎಲೆ ಹಂಚಿದಂತೆ ಹರಿದು ಹರಿದು ಹಂಚಿದ. ಮಂಕಿ ಊರು ದಾಟುವಾಗ ಅವನ ಸ್ವರ ಕೂತಿತ್ತು, ತೊಡೆ ಜೋಮು ಹಿಡಿದಿತ್ತು. ಕಾಸರಕೋಡು ಬರುವಾಗ ನೋಟ್‌ಬುಕ್ಕಿನಲ್ಲಿ ರಟ್ಟು ಮಾತ್ರ ಉಳಿದಿತ್ತು. ಜಯಂತಿ ಗಾಢ ನಿದ್ದೆಯಲ್ಲಿದ್ದಳು. ದೇವರಾಜ ಅವಳನ್ನೇ ನೋಡಿದ. ಮದುವೆಯಾದಾಗಲೂ ಅವನು ಅವಳನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.

ಅಲ್ಲಿಗೆ ಬಸ್ಸು ನಿಂತಿತು. ಶರಾವತಿಯ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ಕೂತಿತ್ತು. ಗಾಳಿಯಿಲ್ಲ, ನೆರಳಿಲ್ಲ. ಆಡಿದವರೆಲ್ಲ ಇಳಿದು ಲಾರಿ ನೋಡಲು ಹೋದರು. ಇಬ್ಬರು ಮಾತ್ರ ಇಳಿಯಲಿಲ್ಲ.

"ಅಪ್ಪಾ, ಮುಂದೆ ಎಂತ ಆಟ?"

"ಈಗ ಸುಮ್ಮನೆ ಕೂರುವ ಆಟ."

"ಅದು ಆಟ ಅಲ್ಲ. ಅಪ್ಪಾ, ಮುಂದೆ ಎಂತ ಆಟ?"

ಇಪ್ಪತ್ತು ಸಲ ಕೇಳಿದ ಮೇಲೆ ಬಳಲಿದ ಆ ತಲೆಯಲ್ಲಿ ಒಂದು ಮಹಾ ಆವಿಷ್ಕಾರವಾಯಿತು. ಕಣ್ಣು ಮುಚ್ಚಿ ಆಡುವ ಆಟ! "ಕಾಗದದ ಮೇಲೆ ಮನೆ ಬರೀರಿ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಪೆನ್ಸಿಲ್ ಇಡುದು. ಯಾವ ಮನೆಗೆ ಬಿತ್ತೋ ಆ ಮನೆ ಅವರದ್ದು. ಯಾರು ಹೆಚ್ಚು ಹೊತ್ತು ಕಣ್ಣು ಮುಚ್ಚಿರ್ತಾರೋ ಅವರಿಗೆ ಬೋನಸ್!" ಎಂದು ಹೇಳಿ, ಬೋನಸ್ಸಿಗೆ ತಾನೇ ಮೊದಲು ಕಣ್ಣು ಮುಚ್ಚಿದ.

"ಕಾಗದ ಎಲ್ಲುಂಟು?"

"ಚೀಲದಲ್ಲಿ ಎಂತಾದ್ರೂ ಇರ್ತದೆ, ನೋಡು ಮಗಾ," ಎಂದ, ಕಣ್ಣು ತೆರೆಯದೆ.

ದೀಪಿಕಾ ನೋಡಿದಳು. ಪ್ಲಾಸ್ಟಿಕ್ ಕವರು ಸಿಕ್ಕಿತು. ಕವರಿನೊಳಗೆ ಹಳದಿ ಕಾಗದ ಸಿಕ್ಕಿತು. ಕಾಗದದ ನಡುವೆ, ಅಹಾ, ಸುತ್ತಲೂ ಅಚ್ಚುಕಟ್ಟಾದ ಹನ್ನೆರಡು ಮನೆ!

"ಅಪ್ಪಾ, ಮನೆ ಎಲ್ಲಾ ಮೊದಲೇ ಕಟ್ಟಿಟ್ಟಿದ್ರು!"

"ಒಳ್ಳೇದಾತು. ಆಡಿ."

ಅಷ್ಟು ಸುಖದ ಆಟವನ್ನು ದೇವರಾಜ ಜನ್ಮದಲ್ಲಿ ಆಡಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಇರುವುದು. ಸರದಿ ಬಂದಾಗ ಮಗಳು ಕೈಗೆ ಪೆನ್ಸಿಲ್ ಕೊಡುತ್ತಾಳೆ. ತಾನು ಒಂದು ಕಡೆ ಊರುತ್ತಾನೆ. ಮತ್ತೆ ಅರೆನಿದ್ದೆ.

"ಅಪ್ಪಾ, ನಿಂಗೆ ಬಿದ್ದ ಮನೆಯೊಳಗೆ ಯಾರೋ 'ಶ' ಅಂತ ಕೂತಿದ್ರು," ಎಂದ ಅನೂಪ.

"ಎಬ್ಬಿಸು ಅವನನ್ನ! ನನ್ನ ಮನೇಲಿ ಬೇರೆಯವರಿಗೆ ಎಂತ ಕೆಲಸ?"

ಅನೂಪ ರಬ್ಬರನ್ನು ಎಂಜಲಿಗೆ ಅದ್ದಿ ಉಜ್ಜಿದ. ಹಳೆಯ ಶಾಯಿ. ಹಠ ಮಾಡಿತು. ಅವನು ಅದಕ್ಕಿಂತ ಹೆಚ್ಚು ಹಠ ಮಾಡಿದ. ಕೊನೆಗೆ 'ಶ' ಹೋಯಿತು, ಜೊತೆಗೆ ಸ್ವಲ್ಪ ಕಾಗದವೂ ಹೋಯಿತು. ಮಿಕ್ಕ ಜಾಗದಲ್ಲಿ ದೇವರಾಜ ಕಚೇರಿಯ ಸಹಿಯ ಗತ್ತಿನಲ್ಲಿ, ಕಣ್ಣು ಮುಚ್ಚಿಯೇ, 'ದೇ' ಎಂದು ದಪ್ಪಗೆ ಬರೆದ. ಆಟ ಮುಗಿದ ಮೇಲೆ ಮಕ್ಕಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ, ಕವರಿನೊಳಗಿಟ್ಟು, ಚೀಲಕ್ಕೆ ಹಾಕಿದರು. ಎಷ್ಟಾದರೂ ಟೀಚರ ಮಕ್ಕಳು!

ಹಳದೀಪುರದ ಹತ್ತಿರ ಜಯಂತಿಗೆ ಎಚ್ಚರವಾಯಿತು. ಮಕ್ಕಳು ಸುಮ್ಮನಿದ್ದರು. ಗಂಡ ಶಾಂತನಾಗಿದ್ದ. ಅವಳು ನಂಬದೆ ಎರಡು ಸಲ ಕಣ್ಣುಜ್ಜಿಕೊಂಡಳು. "ಹೋಯ್, ಇದು ಹ್ಯಾಂಗೆ ಮಾಡಿದ್ರಿ?"

"ಅದಕ್ಕೆ ಅಭ್ಯಾಸ ಬೇಕು," ಎಂದ ದೇವರಾಜ.

ಕುಮಟೆಯ ಹೆಡ್‌ಬಂದರಿನ ಹತ್ತಿರದ ಆ ಮನೆಯಲ್ಲಿ ಹುಡುಗಿಯ ಅಜ್ಜಿ ಬಂಗಾರಿಯದೇ ಯಜಮಾನಿಕೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಾತ್ರ ಗಾಳದಂತೆ. ಜಾತಕ ನೋಡಲು ನಾಗಪತಿ ಜೋಯಿಸರನ್ನು ಕರೆಸಿ ಕೂರಿಸಿದ್ದಳು. ಶರಬತ್ತು ಕುಡಿದದ್ದಾಯಿತು. ದೇವರಾಜ ಕವರನ್ನು ಎರಡೂ ಕೈಯಲ್ಲಿ ಹಿಡಿದು ಜೋಯಿಸರಿಗೆ ಒಪ್ಪಿಸಿದ.

ಜೋಯಿಸರು ಬಿಡಿಸಿದರು. ಕನ್ನಡಕ ಏರಿಸಿದರು. ಇಳಿಸಿದರು. ಕಾಗದವನ್ನು ಬೆಳಕಿಗೆ ಹಿಡಿದರು. ಅದರ ತೂತಿನಿಂದ ಬಿಸಿಲು ಅವರ ಮೂಗಿನ ಮೇಲೆ ಬಿತ್ತು.

"ನಲವತ್ತು ವರ್ಷ ಆತು ಜಾತಕ ನೋಡಲೆ ಹಿಡಿದು. ಗ್ರಹ ಒಂಬತ್ತೇ ಇದ್ದು ಹೇಳಿ ತಿಳಕಂಡಿದ್ದೆ," ಎಂದರು ನಿಧಾನಕ್ಕೆ. "ಇಲ್ಲಿ ನಾಲ್ಕು ಮನೆಯಲ್ಲಿ 'ದೀ' ಇದ್ದು. ಮೂರು ಮನೆಯಲ್ಲಿ 'ಅ' ಇದ್ದು. ಏಳನೇ ಮನೆಯಲ್ಲಿ ಇಷ್ಟು ದಪ್ಪಕ್ಕೆ 'ದೇ' ಇದ್ದು. ಈ 'ದೇ' ಯಾವ ಗ್ರಹ?"

ದೇವರಾಜ ಬಗ್ಗಿ ಕಾಗದ ನೋಡಿದ. ದೀಪಿಕಾ ಎದ್ದು ನಿಂತು, ತರಗತಿಯಲ್ಲಿ ಉತ್ತರ ಹೇಳುವಂತೆ ಸ್ಪಷ್ಟವಾಗಿ ಹೇಳಿದಳು: "ಅದು ನಮ್ಮಪ್ಪ!"

ಜಯಂತಿ ಗಂಡನ ಕಡೆ ತಿರುಗಿದಳು. ಅವಳು ಇನ್ನೂ ನಿದ್ದೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ದೇವರಾಜನಿಗೆ ಅನಿಸಿತು.

"ನೀವು ಹುಡುಗನಿಗೆ ಎಂತಾಗಬೇಕು?" ಎಂದು ಕೇಳಿದರು ಜೋಯಿಸರು.

"ಭಾವ," ಎಂದ ದೇವರಾಜ, ತನಗೇ ಕೇಳದಷ್ಟು ಮೆತ್ತಗೆ.

"ಏಳನೇ ಮನೆ, ಅಂದರೆ ಸಪ್ತಮ ಭಾವದಲ್ಲಿ ಶುಕ್ರ ಕಂಡಿದ್ದೆ, ಕುಜನ್ನ ಕಂಡಿದ್ದೆ. ಭಾವನನ್ನೇ ಕಂಡಿದ್ದು ಇದೇ ಮೊದಲು!" ಎಂದರು ಜೋಯಿಸರು. "ಹೆಂಡತಿ ಬಂದು ಕೂರುವ ಮನೆ ಅದು ಮಾರಾಯಾ! ಅಲ್ಲಿ ನೀ ಕೂತರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಇರಲಿ, ಮೊದಲು ಆ ಮನೆಯಲ್ಲಿ ಯಾರಿದ್ದ?"

"ಶ ಇತ್ತು," ಎಂದ ಅನೂಪ. "ಅಪ್ಪ ಎಬ್ಬಿಸು ಅಂದ. ನಾನು ರಬ್ಬರಲ್ಲಿ ಅಳಿಸಿದೆ."

"ಏಳನೇ ಮನೆಯ ಶನಿಯನ್ನಾ?"

"ಹೂಂ. ಎಂಜಲು ಹಚ್ಚಿದ ಮೇಲೆ ಹೋದ."

ಜೋಯಿಸರು ಕಾಗದ ಕೆಳಗಿಟ್ಟರು. ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಭುಜ. ಆಮೇಲೆ ಕನ್ನಡಕ. "ಊರವರ ಶನಿ ಬಿಡಿಸಲೆ ನಾನು ಎಳ್ಳೆಣ್ಣೆ ದೀಪ ಹಚ್ಚಿಸಿ, ಜಪ ಮಾಡಿಸಿ, ಸುಸ್ತಾಗಿ ಹೋಗಿದ್ದೆ! ಈ ಮಾಣಿ ಎಂಜಲಲ್ಲಿ ಬಿಡಿಸಿದ!"

ಅವರು ನಕ್ಕರು ಸರಿ, ಬಂಗಾರಿ ನಗಲಿಲ್ಲ. ಅವಳ ಮುಖ ನೋಡಿದ ದೇವರಾಜನಿಗೆ, ಏಳನೇ ಸಲವೂ ಬೇಡವೆನಿಸಿಕೊಂಡು, ಬೋಟಿನಿಂದಿಳಿದು ಬರುವ ರಾಜೀವನ ಮುಖ ಕಣ್ಣೆದುರು ಬಂತು. ಇಷ್ಟು ಹೊತ್ತಿನ ದಣಿವೆಲ್ಲ ಒಮ್ಮೆಲೇ ಅವನ ಮೇಲೆ ಕುಸಿಯಿತು. ಎದ್ದು ನಿಂತು ಕೈಮುಗಿದ.

"ಅಜ್ಜೀ, ತಪ್ಪು ನಂದು. ಮಕ್ಕಳದ್ದಲ್ಲ, ಹುಡುಗನದ್ದಂತೂ ಅಲ್ಲವೇ ಅಲ್ಲ. ಆ ಮನೆಯಲ್ಲಿ ಶನಿ ಇದ್ದದ್ದು ನಿಜ. ಆರು ಕಡೆ ಅದಕ್ಕೇ ಬಿಟ್ಟರು. ಮುಚ್ಚಿಡುದಿಲ್ಲ. ಆದ್ರೆ ರಾಜೀವ ಒಳ್ಳೆಯವ. ಬೋಟಿನಿಂದ ಇಳಿದವ ಮೊದಲು ಅವ್ವನ ಕೈಗೆ ಮೀನು ಕೊಟ್ಟು, ಆಮೇಲೆ ಸ್ನಾನಕ್ಕೆ ಹೋಗುವವ."

ಬಾಗಿಲ ಬದಿಯಲ್ಲಿ ನಿಂತಿದ್ದ ಹುಡುಗಿ ಮುಂದೆ ಬಂದಳು. ಹೆಸರು ನಾಗವೇಣಿ. ದವಾಖಾನೆಯೊಂದರಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬಂದ ಕಣ್ಣು ಇನ್ನೂ ಕೆಂಪಗಿತ್ತು.

"ಅವರು ಕಡಲಿಗೆ ಹೋದ್ರೆ ಎಷ್ಟು ದಿನಕ್ಕೆ ಬರ್ತಾರೆ?" ಎಂದು ಕೇಳಿದಳು.

"ಹತ್ತು ದಿನ. ಕೆಲವು ಸಲ ಹನ್ನೆರಡೂ ಆಗ್ತದೆ," ಎಂದಳು ಜಯಂತಿ, ಹೆದರುತ್ತ.

"ಅಷ್ಟೂ ದಿನ ನಾ ಡ್ಯೂಟಿಯಿಂದ ಬಂದು ನಿದ್ದೆ ಮಾಡ್ಬಹುದಾ?"

"ನಮ್ಮ ಅಮ್ಮನೇ ಚಾದರ ಹೊದಿಸ್ತಾಳೆ!" ಎಂದಳು ಜಯಂತಿ.

ನಾಗವೇಣಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ, ಒಂಬತ್ತು ಜಾತಕ ನೋಡಿದ್ದಾತು. ಕಾಗದ ನೋಡಿ ನೋಡಿ ನಂಗೆ ಸಾಕಾಗಿದೆ. ಇದನ್ನ ಬಿಡು. ಬೋಟು ದಡಕ್ಕೆ ಬಂದ ಮೇಲೆ ಆ ಮನುಷ್ಯನೇ ಒಮ್ಮೆ ಬಂದು ಹೋಗ್ಲಿ. ಮುಖ ನೋಡ್ತೆ, ಮಾತಾಡ್ತೆ."

ಬಂಗಾರಿ ಮೊಮ್ಮಗಳನ್ನು ನೋಡಿದಳು. ಆಮೇಲೆ ಜೋಯಿಸರನ್ನು ನೋಡಿದಳು. ಜೋಯಿಸರು ಕಣ್ಣೊರೆಸಿಕೊಳ್ಳುತ್ತ, "ಹುಡುಗ ಹುಟ್ಟಿದ ಹೊತ್ತು, ತಿಥಿ ಕಾಗದದ ತಲೆಯಲ್ಲಿ ಬರೆದದ್ದು ಹಾಂಗೇ ಇದ್ದು. ಬೇಕಾದರೆ ಹೊಸತೊಂದು ಬರೆದು ಕೊಡ್ತೆ. ಅಡ್ಡಿಯಿಲ್ಲೆ," ಎಂದರು.

"ಆತು. ಹುಡುಗ ಬರ್ಲಿ," ಎಂದಳು ಬಂಗಾರಿ.

ಜಯಂತಿಯ ಕಣ್ಣಲ್ಲಿ ನೀರು ಬಂತು. ದೇವರಾಜನ ಎದೆ ಮೆಲ್ಲಗೆ ಉಬ್ಬತೊಡಗಿತು. ಎಷ್ಟಾದರೂ ಈ ಸಂಬಂಧ ಕೂಡಿಬಂದದ್ದು ತನ್ನ ಮಾತಿನಿಂದ! ಆರು ಕಡೆ ಕದಲದ ಶನಿಯನ್ನು ಎಬ್ಬಿಸಿದ್ದೂ ತಾನೇ! ಅವನು ಮತ್ತೆ ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, "ಹೊಸ ಜಾತಕ ಬರೆದಾದ ಮೇಲೆ ಹೇಳಿ ಅಜ್ಜೀ, ನಾನೇ ಬಂದು ತಕಂಡು ಹೋಗ್ತೆ," ಎಂದ.

ಬಂಗಾರಿ ಜಯಂತಿಯನ್ನು ಹತ್ತಿರ ಕರೆದಳು. ಗುಟ್ಟು ಹೇಳುವಂತೆ ಕಿವಿಯ ಬಳಿ ಬಾಗಿ, ಹೆಡ್‌ಬಂದರಿಗೆಲ್ಲ ಕೇಳುವ ಸ್ವರದಲ್ಲಿ ಹೇಳಿದಳು:

"ನೀ ಬಂದ್ರೂ ಆತು, ಮಕ್ಕಳನ್ನ ಕಳಿಸಿದ್ರೂ ಆತು ಮಗಾ. ಇವರನ್ನ ಮಾತ್ರ ಒಬ್ಬರನ್ನೇ ಕಳಿಸಬೇಡ. ಕಳಿಸಿದ್ರೂ ಕೈಗೆ ಪೆನ್ಸಿಲ್ ಕೊಡಬೇಡ!"