ಮಾವನ ಪುಕ್ಕದ ಪರೀಕ್ಷೆ

ನಮ್ಮ ಮಾವ ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ತಿಂದವರಲ್ಲ. ಆದರೆ ಬಳ್ಳಾರಿಯ ಕೋಳಿ ಅಂಗಡಿಗಳಲ್ಲಿ ಅವರಷ್ಟು ಪರಿಚಿತ ಗಿರಾಕಿ ಇನ್ನೊಬ್ಬರಿಲ್ಲ. ಗಿರಾಕಿ ಅಂದೆನೇ? ತಪ್ಪಾಯಿತು. ಅವರು ಕೋಳಿ ಕೊಳ್ಳುವುದಿಲ್ಲ, ಕೋಳಿಯ ಕುತ್ತಿಗೆಯ ಪುಕ್ಕ ಕೇಳುತ್ತಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನೋಡಿದವರು ಏನು ತಿಳಿಯಬೇಕು?

ತಿಳಿದೇ ತಿಳಿದರು. ಪಾರ್ವತಿನಗರದ ದೂರದ ಸಂಬಂಧಿಕರೊಬ್ಬರು ಒಂದು ಭಾನುವಾರ ಅವರನ್ನು ಕೋಳಿ ಅಂಗಡಿಯಲ್ಲಿ ಕಂಡು, ನೇರ ಮಾವನ ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಮೂಗಿನಿಂದಲೇ ಅಡುಗೆಮನೆಯ ತಪಾಸಣೆ ಶುರುಮಾಡಿದರು. (ಅವರು ಮೂಸುವುದನ್ನು ನಾನು ಮಾಡಿ ತೋರಿಸುತ್ತೇನೆ, ಮದುವೆಮನೆಗಳಲ್ಲಿ ಒಳ್ಳೆಯ ಬೇಡಿಕೆ ಇದೆ.)

"ತಂಗಿ, ಯಜಮಾನ್ರು ಈಗೀಗ ಏನು ಊಟ ಮಾಡ್ತಾರವಾ?"

"ರೊಟ್ಟಿ, ಪುಂಡಿಪಲ್ಯ," ಎಂದರು ಅತ್ತೆ. "ಕೋಳಿ ಅವರು ತಿನ್ನಂಗಿಲ್ರಿ ಕಾಕಾ. ಅದನ್ನ ಮೀನಿಗೆ ತಿನ್ನಸ್ತಾರ."

ಕಾಕಾ ಚಹಾ ಮುಟ್ಟದೆ ಎದ್ದು ಹೋದರು.

ಅತ್ತೆ ಹೇಳಿದ್ದು ಸುಳ್ಳಲ್ಲ. ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಯಾವನೋ ಬಿಳಿಯನೊಬ್ಬ ಗಾಳ ಹಾಕುವುದನ್ನು ನೋಡಿ ಕೆಟ್ಟುಹೋದರು. ಕೊಕ್ಕೆಗೆ ನೂಲು ಸುತ್ತಿ, ಅದರ ಕೊರಳಿಗೆ ಮೆತ್ತನೆಯ ಪುಕ್ಕವನ್ನು ಒಂದೆರಡು ಸುತ್ತು ಬಿಗಿದರೆ ಒಂದು ಸುಳ್ಳು ಹುಳ ತಯಾರಾಗುತ್ತದೆ. ನೀರಿಗಿಳಿದಾಗ ಪುಕ್ಕದ ಎಳೆಗಳು ಹುಳದ ಕಾಲಿನಂತೆ ಆಡುತ್ತವೆ, ಮೀನು ನಂಬಿ ಬಾಯಿ ಹಾಕುತ್ತದೆ. ಮಾವ ಸಿರುಗುಪ್ಪದವರೆಗೆ ಬಸ್ಸಿನಲ್ಲಿ ಹೋಗಿ, ತುಂಗಭದ್ರೆಯಲ್ಲಿ ಹಿಡಿದ ಮೀನನ್ನು ಬಿಡಿಸಿ ಮತ್ತೆ ತುಂಗಭದ್ರೆಗೇ ಬಿಟ್ಟು, ಬಸ್ಸಿನಲ್ಲಿ ವಾಪಸ್ ಬರುತ್ತಾರೆ. ಇದಕ್ಕೆ ಹುಚ್ಚು ಅನ್ನದೆ ಏನನ್ನುತ್ತೀರಿ?

ಅತ್ತೆ ಹಾಗೇ ಅನ್ನುತ್ತಿದ್ದರು. ಕೋಳಿಯ ಪುಕ್ಕ ಹೊಸ್ತಿಲು ದಾಟುವಂತಿಲ್ಲ ಎಂಬುದು ಅವರ ಕಾನೂನು. ಪುಕ್ಕಗಳ ವಾಸ ಸ್ಕೂಟರಿನ ಡಿಕ್ಕಿಯಲ್ಲಿ. ಮಾವನ ಕಾರ್ಖಾನೆ ಅಂಗಳದಲ್ಲಿ, ಬೋರಲು ಹಾಕಿದ ಡ್ರಮ್ಮಿನ ಮೇಲೆ. ಅತ್ತೆ ಆ ಡ್ರಮ್ಮಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ನಗುವುದು ಇಲ್ಲಿಗೆ ಸ್ವಲ್ಪ ನಿಲ್ಲಲಿ. ಮಾವನ ಕಣ್ಣು ಹೋಗುತ್ತಿದೆ. ನರ ಒಣಗುತ್ತಿದೆಯಂತೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಮಾವ ಕೋಟೆ ಗುಡ್ಡದ ಕಡೆ ಮುಖ ಮಾಡಿ, "ಹುಳ ಕಟ್ಟೋದು ಕೈಗೆ ಗೊತ್ತೈತಿ ಅಳಿಯಾ. ಪುಕ್ಕ ಮೆತ್ತಗೈತೋ ಇಲ್ಲೋ ತುಟಿಗೆ ಗೊತ್ತಾಗ್ತೈತಿ. ಬಣ್ಣ ಯಾರನ್ನ ಕೇಳ್ಲಿ?" ಎಂದರು.

ನನ್ನನ್ನು ಕೇಳಬಹುದಲ್ಲ ಅನ್ನುತ್ತೀರಾ? ನಾನು ಜೀನ್ಸ್ ಕಾರ್ಖಾನೆಯಲ್ಲಿ ಹೊಸ ಪ್ಯಾಂಟುಗಳನ್ನು ಹಳತಾಗಿ ಕಾಣುವಂತೆ ಮಾಡುವ ಘನಕಾರ್ಯದಲ್ಲಿರುವವನು. ಕಡುನೀಲಿ, ತಿಳಿನೀಲಿ, ಸಾಹುಕಾರರು ಬೈಯುವ ನೀಲಿ: ನನ್ನ ವಿದ್ಯೆ ಅಷ್ಟೇ.

ಆದರೂ ಜೊತೆಗೆ ಹೋಗುತ್ತಿದ್ದೆ. ಬ್ರಾಯ್ಲರ್ ಕೋಳಿಗೆ ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲವಾದ್ದರಿಂದ ಮನೆಗಳಲ್ಲಿ ಸಾಕುವ ಜವಾರಿ ಕೋಳಿ ಹುಡುಕುತ್ತ ಕುರುಗೋಡಿಗೆ ಹೋದೆವು. ಹುಂಜದ ಪುಕ್ಕ ಬಿರುಸು, ನೀರಿನಲ್ಲಿ ಸೆಟೆದುಕೊಂಡಿರುತ್ತದೆ, ಹೇಂಟೆಯದೇ ಬೇಕು. ಮಾವ ಒಂದು ಹೇಂಟೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕುತ್ತಿಗೆಯ ಪುಕ್ಕಗಳನ್ನು ಹೆಬ್ಬೆರಳಿನಿಂದ ಬಿಡಿಸಿ, ಕಣ್ಣಿನ ಹತ್ತಿರ ಒಯ್ದು, ಮತ್ತೆ ದೂರ ಹಿಡಿದು ನೋಡತೊಡಗಿದರು. ಕೋಳಿಯ ಒಡತಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಏನ್ರಿ ಮಾಸ್ತರ, ಕೋಳಿ ನೋಡಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?"

"ಹೆಣ್ಣ ಬೇಕವಾ, ಗಂಡು ಬ್ಯಾಡ," ಎಂದರು ಮಾವ, ಗಂಭೀರವಾಗಿ.

"ಹಂಗಾರ ಒಂದು ಹಾಡು ಹೇಳ್ಸಿ ನೋಡ್ರಿ."

ಕೊನೆಗೆ ಗೂಡಿನಲ್ಲಿ ಉದುರಿದ್ದ ಪುಕ್ಕಗಳನ್ನು ಬಾಚಿ ಕೊಟ್ಟಳು. ದಾರಿಯುದ್ದಕ್ಕೂ ನಾನು ಮಾವನಾಗಿ, ಒಡತಿಯಾಗಿ, ನಡುವೆ ಹೇಂಟೆಯೂ ಆಗಿ ಮಾತಾಡಿದೆ. ಮಾವ ಹೇಂಟೆಗೆ ಮಾತ್ರ ನಕ್ಕರು.

ಆ ಪುಕ್ಕದಿಂದ ಕಟ್ಟಿದ ಹುಳ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದೆವು. ಮೋಡ ಕವಿದಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಮೀನೂ ಮುಟ್ಟಲಿಲ್ಲ. ಹರಿಗೋಲಿನಲ್ಲಿ ಬಲೆ ಎಳೆಯುತ್ತಿದ್ದವನೊಬ್ಬ ದಡಕ್ಕೆ ಬಂದು ಹುಳವನ್ನು ಕೈಗೆ ತೆಗೆದುಕೊಂಡ.

"ಯಜಮಾನ್ರ, ಕಾಡಿಗಿಯಂಗ ಕರ್ರಗೈತಿ. ಈ ನೀರಾಗ ಇಂಥ ಹುಳ ಎಲ್ಲೈತ್ರಿ?"

ಮಾವ ಅದನ್ನು ಕಂದು ಎಂದು ತಿಳಿದು ಕಟ್ಟಿದ್ದರು. ದಾರ ಸುತ್ತಿಕೊಂಡರು. ಬಸ್ಸಿನಲ್ಲಿ ನಾನು ಯಾರಂತೆಯೂ ಮಾತಾಡಲಿಲ್ಲ.

ಮರುದಿನ ಬೆಳಗ್ಗೆ ಡ್ರಮ್ಮಿನ ಮುಂದೆ ನನ್ನನ್ನು ಕೂರಿಸಿಕೊಂಡರು. ಬೆಳಗಿನ ಬಿಸಿಲಿನಲ್ಲಿ ಮಾತ್ರ ಅವರಿಗೆ ಒಂದಿಷ್ಟು ಕಾಣುತ್ತದೆ.

"ಇದ್ಯಾವ ಬಣ್ಣ?"

"ಕಂದು."

"ಇದು?"

"ಅದೂ ಕಂದು, ಮಾವ."

"ಎಂಥಾ ಕಂದು ಅಳಿಯಾ?"

"ಕಂದು ಅಂದ್ರ ಕಂದು."

ಮಾವ ಪುಕ್ಕಗಳನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ತುಂಬಿದರು. "ಡಿಕ್ಕಿಯಾಗ ಇಡಬ್ಯಾಡ. ಹೊರಗ ಒಗದು ಬಾ," ಎಂದರು.

ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಇಳಿದು ಬಂದರು. ಚೀಲಕ್ಕೆ ಕೈ ಹಾಕಿದರು. ಕೋಳಿ ಅಂಗಡಿಯ ಬೀದಿಯನ್ನೇ ಬಳಸಿ ಹೋಗುವ ನಮ್ಮ ಅತ್ತೆ ಒಂದು ಪುಕ್ಕವನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು.

"ಇದು ಹುರಿದ ಜೀರಗಿ," ಎಂದರು. "ಇದು ಹಳೇ ಬೆಲ್ಲ. ಇದು ಸೀದ ಒಗ್ಗರಣಿ."

ಮಾವ ಮೆಲ್ಲಗೆ ಅಂಗೈ ಚಾಚಿ, "ಸೀದದ್ದು ಬ್ಯಾಡ. ಜೀರಗಿ ಕೊಡು," ಎಂದರು.

ಅತ್ತೆ ಆ ದಿನ ಮತ್ತೊಮ್ಮೆ ಸ್ನಾನ ಮಾಡಿ ಮತ್ತೊಮ್ಮೆ ಪೂಜೆಗೆ ಕೂತರು.

ಮಾರನೆಯ ದಿನ ನಾನು ಹೋದಾಗ ಅತ್ತೆ ಡ್ರಮ್ಮಿನ ಎದುರು ಮಣೆ ಹಾಕಿಕೊಂಡು ಕೂತಿದ್ದರು. ತಲೆ ಬಾಚಿರಲಿಲ್ಲ, ಹಣೆಯಲ್ಲಿ ವಿಭೂತಿ ಇರಲಿಲ್ಲ. ಪೂಜೆಗೆ ಮುಂಚೆ ಒಂದು ಗುಟುಕು ನೀರನ್ನೂ ಕುಡಿಯದ ಹೆಂಗಸು.

"ಯಾಕತ್ತಿ, ಇನ್ನೂ ಜಳಕ ಆಗಿಲ್ಲೇನು?"

"ಮದ್ಲ ಇದು ಮುಗೀಲಿ. ದೇವ್ರು ಎಲ್ಲಿಗೂ ಹೋಗಂಗಿಲ್ಲ. ಬಿಸಿಲು ಹೋಗ್ತೈತಿ."

ಇನ್ನೊಂದು ಪುಕ್ಕವನ್ನು ಬೆಳಕಿಗೆ ಹಿಡಿದರು. ಅದಕ್ಕೆ ಹೆಸರು ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾವ ಅವರ ಕಡೆ ಮುಖ ಮಾಡಿ ಕಾಯುತ್ತ ಕೂತರು.