ಕಾಕಾ ಕೂಡಿಸಿದ ಪಾಯಿಂಟು

ನಮ್ಮ ಕಾಕಾ ತಮ್ಮ ಖುಷಿಗೆಂದು ಒಂದು ರೂಪಾಯಿ ಖರ್ಚು ಮಾಡಿದವರಲ್ಲ. ಆದರೆ ಅರ್ಧ ಸಿಂದಗಿ ಊರಿನ ಖರ್ಚನ್ನು ಖುಷಿಯಿಂದ ಮಾಡಿದವರು! ನಂಬಿಕೆ ಬರುವುದಿಲ್ಲವೇ? ನನಗೂ ಬಂದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಾಕಾ ಸಿಂದಗಿಯ ಕಾಲೇಜೊಂದರಲ್ಲಿ ಹೆಡ್ ಕ್ಲಾರ್ಕ್. ಟೈ ಕಟ್ಟಿಕೊಂಡು ವಿಜಾಪುರದಿಂದ ಬಂದ ಬ್ಯಾಂಕಿನವನೊಬ್ಬ ಎಲ್ಲರಿಗೂ ಕ್ರೆಡಿಟ್ ಕಾರ್ಡು ಮಾಡಿಸಿಕೊಟ್ಟು ಹೋದ. ಉಳಿದವರು ಅದನ್ನು ತಿಜೋರಿಯಲ್ಲಿಟ್ಟು ಮರೆತರು. ಕಾಕಾ ಮಾತ್ರ ಅದರ ಜೊತೆ ಬಂದ ಪುಸ್ತಕವನ್ನು ಕೂತು ಓದಿದರು. ಅಲ್ಲಿಗೆ ಮುಗಿಯಿತು ನೋಡಿ! ಕಾರ್ಡಿನ ಮೇಲೆ ಖರೀದಿ ಮಾಡಿದರೆ ಪಾಯಿಂಟು, ಪಾಯಿಂಟು ಕೂಡಿದರೆ ಹೋಟೆಲಿನಲ್ಲಿ ಪುಕ್ಕಟೆ ವಾಸ ಎಂದು ಅದರಲ್ಲಿ ಬರೆದಿತ್ತು.

ಆದರೆ ಖರೀದಿ ಎಂದರೆ ಕಾಕಾನಿಗೆ ಜ್ವರ ಬರುತ್ತಿತ್ತಲ್ಲ! ಅದಕ್ಕೆ ಮಂದಿಯ ಖರೀದಿ ಹಿಡಿದರು. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಸರಿ, ಜವಳಿ ತೆಗೆಯಲು ವಿಜಾಪುರಕ್ಕೆ ಹೊರಟ ಜೀಪಿನಲ್ಲಿ ಕಾಕಾ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಮದುವೆಯವರು ನೋಟು ಎಣಿಸಿ ಕಾಕಾನ ಕೈಗೆ ಕೊಡಬೇಕು, ಕಾಕಾ ಅಂಗಡಿಯವನಿಗೆ ಕಾರ್ಡು ಕೊಡಬೇಕು. ಬಟ್ಟೆ ಅವರಿಗೆ, ಪಾಯಿಂಟು ಇವರಿಗೆ.

ಒಮ್ಮೆ ನಾಲತವಾಡದವರ ಜವಳಿ. ಹೆಣ್ಣಿನ ಕಡೆಯವರು ಕಾಕಾನನ್ನು ಗಂಡಿನ ಕಡೆಯ ಹಿರಿಯರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಸೋದರಮಾವ ಎಂದುಕೊಂಡರು. ಎರಡೂ ಕಡೆಯಿಂದ ಉಪಚಾರವೋ ಉಪಚಾರ! ಧಾರೆ ಸೀರೆ ಯಾವುದಿರಲಿ ಎಂದು ಕೊನೆಗೆ ಕಾಕಾನನ್ನೇ ಕೇಳಿದರು. ಇವರು ಕಣ್ಣು ಮುಚ್ಚಿಕೊಂಡು ಅಂಗಡಿಯಲ್ಲೇ ತುಟ್ಟಿಯಾದದ್ದನ್ನು ತೋರಿಸಿದರು. ಹಿರಿಯರ ಮಾತು, ಯಾರು ತೆಗೆದುಹಾಕುತ್ತಾರೆ? ಮದುವೆಯ ದಿನ ಕಾಕಾನಿಗೆ ಎರಡೂ ಕಡೆಯಿಂದ ಧೋತರದ ಉಡುಗೊರೆ, ಆಯೇರಿ ಬಂತು.

ಇಷ್ಟೆಲ್ಲ ಯಾಕೆ? ಅವರ ಹೆಂಡತಿ, ನಮ್ಮ ಕಾಕುವಿನ ಸಲುವಾಗಿ. ಕಾಕು ಮದುವೆಯಾಗಿ ಬಂದ ಮೇಲೆ ಊರು ಬಿಟ್ಟು ಹೋದದ್ದೇ ಬೀಗರು-ನೆಂಟರ ಮನೆಗಳಿಗೆ: ಹಲಸಂಗಿ, ಮುದ್ದೇಬಿಹಾಳ, ಬಾಗೇವಾಡಿ. ಎಲ್ಲಿ ಹೋದರೂ ಐದು ನಿಮಿಷದಲ್ಲಿ ಸೆರಗು ಸಿಗಿಸಿ ಅವರ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂಡುವವರೇ. ಕಾಕಾನ ಹಟ ಒಂದೇ, ನನ್ನ ಹತ್ತಿರವೂ ಹೇಳಿದ್ದರು: “ಎರಡ ದಿನಾ ನಿಮ್ಮ ಕಾಕುನ ಕೈಗೆ ಹಿಟ್ಟು ಹತ್ತಬಾರದು. ಅಷ್ಟ ಆದ್ರ ಸಾಕು ನನಗ.”

ಕಡೆಗೂ ಪಾಯಿಂಟು ಕೂಡಿದವು. ಅಷ್ಟರಲ್ಲಿ ತಿಂಗಳ ಕೊನೆಗೆ ಅವು ರದ್ದಾಗುತ್ತವೆ ಎಂಬ ಪತ್ರವೂ ಬಂತು! ಪುಸ್ತಕ ತಿರುವಿದರೆ ಗೋವಾಕ್ಕೆ ಇಮ್ಮಡಿ ಪಾಯಿಂಟು ಬೇಕು. ನಮ್ಮ ಕೈಗೆಟುಕಿದ್ದು ಒಂದೇ ಊರು: ಸೊಲ್ಲಾಪುರ. ಅಲ್ಲಿ ಓಣಿಗೊಬ್ಬರು ನಮ್ಮ ಬೀಗರು! ಹೆಸರು ಕೇಳುತ್ತಲೇ ಕಾಕು ಗೋಡೆಗೆ ಆತು ಕೂತುಬಿಟ್ಟರು.

“ತಂಗಿ ಮನಿ ಇರೂ ಊರಾಗ ಹೋಟೆಲ್ದಾಗ ಇಳಿಯೂದೇನ್ರಿ? ನಾಳೆ ಯಾವ ಮಾರಿ ಇಟ್ಕೊಂಡು ಆಕಿ ಮನಿಗೆ ಹೋಗ್ಲಿ?”

ಕಾಕಾ ಒಂದು ವಾರ ಬೆನ್ನು ಹತ್ತಿದರು. ಯಾರ ಕಣ್ಣಿಗೂ ಬೀಳದಂತೆ ಹೋಗಿ ಬರೋಣ ಎಂದು ಆಣೆ ಇಟ್ಟ ಮೇಲೆ ಕಾಕು ಎದ್ದರು. ಶನಿವಾರ ಕಾಕಾ, ಕಾಕು, ನಾನು, ನನ್ನ ತಂಗಿ, ಜೊತೆಗೆ ಒಂದು ಗಂಟು ಒಣಗಿಸಿದ ಖಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಾರು ಹತ್ತಿದೆವು. ಹೋಟೆಲಿನ ಬಾಗಿಲಲ್ಲಿ ಕಾಕು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಳಗೆ ಓಡಿದ ರೀತಿ ನೋಡಿ, ನಾವು ಎಲ್ಲಿಂದಲೋ ತಪ್ಪಿಸಿಕೊಂಡು ಬಂದವರೆಂದು ಕೌಂಟರಿನವನಿಗೆ ಅನುಮಾನ ಬಂದಿರಬೇಕು. ಹೊರಗೆ ಕಾಲಿಟ್ಟರೆ ಬೀಗರು ಸಿಕ್ಕಾರೆಂದು ಸೊಲ್ಲಾಪುರವನ್ನೆಲ್ಲ ನಾವು ಕಿಟಕಿಯಿಂದಲೇ ನೋಡಿದೆವು!

ಕಾಕುವಿನ ಕೈಗಳನ್ನು ಮಾತ್ರ ಹಿಡಿಯಲಾಗಲಿಲ್ಲ. ಕೋಣೆ ಸ್ವಚ್ಛ ಮಾಡಲು ಬಂದ ಹೆಣ್ಣುಮಗಳು ಗಾಬರಿಯಾದಳು. ಹಾಸಿಗೆ ಮಡಚಿ ಆಗಿತ್ತು, ಬಚ್ಚಲು ತಿಕ್ಕಿ ಆಗಿತ್ತು, ಹೋಟೆಲಿನ ಟವೆಲ್‌ಗಳನ್ನು ಒಗೆದು ಕಿಟಕಿಗೆ ಹರವಿ ಆಗಿತ್ತು! ಮಾಡಲು ಏನೂ ಉಳಿಯದ ಆಕೆಯನ್ನು ಕಾಕು ಕೂಡ್ರಿಸಿ ರೊಟ್ಟಿ, ಚಟ್ನಿ ಕೊಟ್ಟರು. ಕಾಕಾ ತಲೆಗೆ ಕೈ ಹಚ್ಚಿಕೊಂಡು ಅರ್ಧ ಪಾಯಿಂಟು ನೀರಲ್ಲಿ ಹೋಯಿತೆಂದು ಗೊಣಗಿದರು.

ಮರುದಿನ ಬೆಳಗ್ಗೆ ನನಗೆ ಎಚ್ಚರಾದಾಗ ಕಾಕು ಮೇಜಿನ ಮೇಲಿದ್ದ ಕರೆಂಟಿನ ಕೆಟಲ್ಲಿಗೆ ಕೈ ಹಾಕುತ್ತಿದ್ದರು. ಕಾಕಾ ಅಡ್ಡ ಬಂದು ನಿಂತರು.

“ಕೈ ಹಚ್ಚಬ್ಯಾಡ. ಇವತ್ತ ಚಹಾ ನಾ ಮಾಡ್ತೇನಿ. ನೀ ಕೂಡು.”

ಕಾಕಾ ಚಹಾ ಮಾಡುವುದೇ? ನಾನೂ ತಂಗಿಯೂ ಚಾದರದೊಳಗೆ ಬಾಯಿ ಮುಚ್ಚಿಕೊಂಡು ನಕ್ಕೆವು. ನೀರು ಕುದಿಯಿತು, ಹಾಲಿನ ಪುಡಿ ಅರ್ಧ ಕಪ್ಪಿಗೆ, ಅರ್ಧ ಮೇಜಿಗೆ ಬಿತ್ತು. ಆಮೇಲೆ ಕಾಕಾ ಸಕ್ಕರೆಯ ಪೊಟ್ಟಣ ಹಿಡಿದು, ಹೋಟೆಲಿನ ಮಾಣಿ ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು: “ನಿನಗ ಸಕ್ಕರಿ ಎಷ್ಟ ಹಾಕ್ಲಿ?”

ಕಾಕು ಅಂದರು:

“ನನಗೇನ ಗೊತ್ರಿ? ಎಲ್ಲಾರಿಗೂ ಸೋಸಿ ಕೊಟ್ಟ ಮ್ಯಾಲೆ ಬೋಗಾಣ್ಯಾಗ ಏನ ಉಳದಿರತೈತಿ ಅದನ್ನ ಕುಡೀತೇನಿ.”

ನಮ್ಮ ನಗು ನಿಂತಿತು. ಬೆಳಗಿನಿಂದ ಸಂಜೆವರೆಗೆ ಆಕೆಯ ಕೈಯಿಂದ ಚಹಾ ಇಸಿದುಕೊಂಡ ನಮಗೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕಾಕಾ ಒಂದು ಪೊಟ್ಟಣ ಹರಿದು ಹಾಕಿ, ಕದಡಿ, ಕಪ್ಪು ಮುಂದೆ ಹಿಡಿದರು. ಕಾಕು ಕುಡಿದು ನೋಡಿ ತಲೆ ಅಲ್ಲಾಡಿಸಿದರು. ಕಾಕಾ ಇನ್ನೊಂದು ಹಾಕಿದರು. ಕಾಕು ಮತ್ತೆ ಕುಡಿದರು, ನಾಚಿದರು. ಮೂರನೆಯದಕ್ಕೆ, “ಈಗ ಬರೋಬ್ಬರಿ ಆತ್ರಿ,” ಅಂದರು.

ಅಂದಿನಿಂದ ಸಿಂದಗಿಯ ಮನೆಯಲ್ಲಿ ಬೆಳಗಿನ ಚಹಾ ಕಾಕಾ ಮಾಡುತ್ತಾರೆ. ಮೊದಲ ಕಪ್ಪು ಕಾಕುವಿಗೆ. ನಿಜ ಹೇಳಬೇಕೆಂದರೆ ಅದನ್ನು ಬಾಯಿಗಿಡಲು ಆಗುವುದಿಲ್ಲ. ಕಾಕು ಒಂದು ಗುಟುಕೂ ಬಿಡದೆ ಕುಡಿಯುತ್ತಾರೆ.